ಭಾಗ 4: ಆ ಸಬ್‌ಮರೀನ್ ನಾನು ನೋಡೇ ಇಲ್ಲ

ಕಳೆದ ಭಾಗಕ್ಕೆ ನೀವೆಲ್ಲ ಹಾಕಿದ ಕಾಮೆಂಟ್ ಓದಿದೆ. "ಸೂಪರ್ ಕಣೇ", "ನಮ್ಮ ಕ್ಲಾಸ್ ಹುಡುಗಿ ಫ್ರಾನ್ಸ್‌ನಲ್ಲಿ ಸಬ್‌ಮರೀನ್ ಹತ್ರ!" ಅಂತೆಲ್ಲ. ಖುಷಿ ಆಯ್ತು. ಆಮೇಲೆ ನಿದ್ದೆ ಬರ್ಲಿಲ್ಲ.

ಯಾಕಂದ್ರೆ ಆ ಸಬ್‌ಮರೀನ್ ನಾನು ನೋಡೇ ಇಲ್ಲ.

ವೆಟ್‌ಸೂಟ್ ಹಾಕ್ಕೊಂಡು ಬೋಟ್ ಮೇಲೆ ನಿಂತಿರೋದು ನಾನೇ. ಬೋಟ್ ಕೆಳಗೆ ಸಬ್‌ಮರೀನ್ ಇದ್ದದ್ದೂ ನಿಜ. ಇಳಿದದ್ದು ಮಾತ್ರ ಬೇರೆಯವರು. ನಾನು ಇಳಿದೆ ಅಂತ ಎಲ್ಲೂ ಬರೆದಿರಲಿಲ್ಲ. ನೀವು ಹಾಗೆ ಅಂದ್ಕೊಂಡ್ರಿ, ನಾನು ತಿದ್ದಲಿಲ್ಲ. ಅದೂ ಸುಳ್ಳೇ ಅಲ್ವಾ?

ಮೊದಲಿಂದ ಹೇಳ್ತೀನಿ ಕೇಳಿ. ನಮ್ಮ ಚಿಕ್ಕಪ್ಪ ನೀಸ್ ಹತ್ರ ಕೆಲಸದಲ್ಲಿದ್ದಾರೆ. ರಜೆಗೆ ಅವರ ಮನೆಗೆ ಹೋದಾಗ ಕವಾಲೇರ್ ಅನ್ನೋ ಊರಿಗೆ ಕರ್ಕೊಂಡು ಹೋದ್ರು. ಮೆಡಿಟರೇನಿಯನ್ ದಡದ ಬಂದರು. ಸಾಲಾಗಿ ಕಟ್ಟಿದ ಬೋಟ್‌ಗಳು, ಉದ್ದ ಬೀಚ್, ಹಿಂದೆ ಹಸಿರು ಗುಡ್ಡ. ಇಲ್ಲಿಗೆ ಜನ ವಾರಗಟ್ಟಲೆ ರಜೆ ಹಾಕಿ ಬರೋದು ಮುಳುಗಿದ ಹಡಗು ನೋಡೋಕೆ. ಮಿಸ್ಟ್ರಾಲ್ ಗಾಳಿ ಜೋರಾಗಿ ಎದ್ದರೆ ಮಾತ್ರ ಎಲ್ಲರೂ ದಡದಲ್ಲೇ ಕೂತು ಕಾಫಿ ಕುಡೀಬೇಕು.

ಅಲ್ಲಿ ಎಲ್ಲರ ಬಾಯಲ್ಲೂ ಎರಡು ಹೆಸರು. ಒಂದು ಟೋಗೊ. ಕಲ್ಲಿದ್ದಲು ತುಂಬಿದ ಹಡಗು. ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ನೀರಲ್ಲಿ ಇಟ್ಟಿದ್ದ ಮೈನ್‌ಗೆ ತಗುಲಿ ಮುಳುಗ್ತು. ಇನ್ನೊಂದು ರೂಬಿ. ಮೈನ್ ಇಡೋದಕ್ಕೇ ಅಂತ ಕಟ್ಟಿ 1931ರಲ್ಲಿ ನೀರಿಗಿಳಿಸಿದ ಫ್ರೆಂಚ್ ಸಬ್‌ಮರೀನ್, 66 ಮೀಟರ್ ಉದ್ದ. 1940ರಲ್ಲಿ ಫ್ರಾನ್ಸ್ ಸೋತ ಮೇಲೂ ಅದರ ಸಿಬ್ಬಂದಿ ದ ಗಾಲ್ ಜೊತೆ ಸೇರಿ ಯುದ್ಧ ಮುಂದುವರಿಸಿದ್ರು. ಯುದ್ಧ ಅದನ್ನ ಮುಳುಗಿಸಲಿಲ್ಲ. 1958ರಲ್ಲಿ ನೌಕಾಪಡೆಯೇ, ಸೋನಾರ್ ಅಭ್ಯಾಸಕ್ಕೆ ಗುರಿ ಬೇಕು ಅಂತ, ಕೈಯಾರೆ ಮುಳುಗಿಸ್ತು. ಈಗ ಸುಮಾರು 40 ಮೀಟರ್ ಆಳದಲ್ಲಿ ಮರಳಿನ ಮೇಲೆ ನೆಟ್ಟಗೆ ಕೂತಿದೆ.

ನನ್ನ ಹತ್ರ ಇರೋದು ನೇತ್ರಾಣಿಯಲ್ಲಿ ಕೋರ್ಸ್ ಮಾಡಿ ತಗೊಂಡ ಓಪನ್ ವಾಟರ್ ಕಾರ್ಡ್. 18 ಮೀಟರ್‌ವರೆಗೆ ಮಾತ್ರ. ಕೌಂಟರ್‌ನಲ್ಲಿ ಅದನ್ನ ನೋಡಿದವರು "ನಿಮಗೆ ಬಂಡೆ ಹತ್ರ ಡೈವ್, ರೂಬಿಗೆ ಬೇಕಿದ್ರೆ ಬೋಟ್‌ನಲ್ಲಿ ಬಂದು ಕೂತ್ಕೊಳ್ಳಿ" ಅಂದ್ರು. ಮುಖ ಸಣ್ಣದಾಯ್ತು. "ಚಿಕ್ಕಪ್ಪ, ಹೇಗಾದ್ರೂ ಒಪ್ಸಿ" ಅಂದೆ. ಅವರು ತಲೆ ಅಲ್ಲಾಡಿಸಿದ್ರು, ಅಷ್ಟೆ. ಮಾರನೇ ದಿನ ಇಳಿಯೋದಿಲ್ಲ ಅಂತ ಗೊತ್ತಿದ್ರೂ ಬೇಕಂತಲೇ ವೆಟ್‌ಸೂಟ್ ಹಾಕ್ಕೊಂಡೇ ಬೋಟ್ ಹತ್ತಿದೆ. ಫೋಟೋಗೆ.

ಬೋಟ್‌ನಲ್ಲಿ ಚಿಕ್ಕಪ್ಪ ಲೆಕ್ಕ ಹೇಳಿಕೊಟ್ರು. 40 ಮೀಟರ್‌ನಲ್ಲಿ ಒತ್ತಡ ಮೇಲಿನದಕ್ಕಿಂತ ಐದು ಪಟ್ಟು. ಅಂದ್ರೆ ಸಿಲಿಂಡರ್‌ನ ಗಾಳಿ ಐದು ಪಟ್ಟು ಬೇಗ ಖಾಲಿ. ನೈಟ್ರೋಜನ್ ತಲೆಗೇರಿ ಕುಡಿದವರ ಥರ ಮಂಕು ಬರಬಹುದು, ಮೀಟರ್ ನೋಡಿದ್ರೂ ಅರ್ಥ ಆಗಲ್ಲ. ಅಲ್ಲಿ ನಿಲ್ಲೋಕೆ ಸಿಗೋದು ಹತ್ತು ನಿಮಿಷದೊಳಗೆ. ಅದನ್ನ ಮೀರಿದ್ರೆ ಮೇಲೆ ಬರುವಾಗ ಹೆಚ್ಚು ಹೊತ್ತು ತಡೆದು ತಡೆದು ಬರಬೇಕು. ಗಾಬರಿಯಾಗಿ ಸರ್ರನೆ ಬಂದ್ರೆ, ಸೋಡಾ ಬಾಟಲಿ ಮುಚ್ಚಳ ತೆಗೆದಾಗ ಆಗುತ್ತಲ್ಲ, ರಕ್ತದಲ್ಲಿ ಅಂಥ ಗುಳ್ಳೆ.

ಎಲ್ಲರೂ ಇಳಿದ್ರು. ಎರಡೇ ನಿಮಿಷಕ್ಕೆ ಒಂದು ತಲೆ ಮೇಲೆ ಬಂತು. ಚಿಕ್ಕಪ್ಪ! ಕಿವಿ ಬಿಡ್ಲಿಲ್ವಂತೆ. ಈ ಡೈವ್‌ಗೋಸ್ಕರ ಇಡೀ ವರ್ಷ ಕಾದಿದ್ದವರು ಅವರು. ಬೋಟ್‌ನವರು ಯಾಕೆ ಅಂತ ಕೂಡ ಕೇಳದೆ ಟವೆಲ್ ಕೊಟ್ರು.

"ಕಟ್ಟಿದ ದುಡ್ಡು?" ಅಂದೆ.

"ದುಡ್ಡು ಆಗ್ಲೇ ಹೋಯ್ತಲ್ಲಮ್ಮ. ಕಿವಿ ಇನ್ನೂ ಇದೆ."

ಬಿಕಾಂನವರೇ, ಕಾಸ್ಟಿಂಗ್ ಕ್ಲಾಸ್ ನೆನಪಾಯ್ತಾ? ಸಂಕ್ ಕಾಸ್ಟ್. ಖರ್ಚಾಗಿ ಹೋದದ್ದನ್ನ ಮುಂದಿನ ನಿರ್ಧಾರಕ್ಕೆ ಸೇರಿಸಬಾರದು. ಪರೀಕ್ಷೆಯಲ್ಲಿ ಇದನ್ನ ಬರೆದು ಮಾರ್ಕ್ಸ್ ತಗೊಂಡಿದ್ದೆ. ಅರ್ಥ ಆಗಿದ್ದು ಅವತ್ತೇ.

ಆದ್ರೂ ರಾತ್ರಿ ಆ ಫೋಟೋ ಹಾಕ್ದೆ ನೋಡಿ.

ಮೊನ್ನೆ ಒಬ್ಬ ಜೂನಿಯರ್ ಮೆಸೇಜ್ ಮಾಡಿದ್ದ: "ಅಕ್ಕಾ, ನಿಮ್ಮದೂ ಓಪನ್ ವಾಟರೇ ಅಲ್ವಾ? 40 ಮೀಟರ್ ಬಿಟ್ರಾ? ಹಾಗಾದ್ರೆ ನಾನೂ ಕೇಳ್ತೀನಿ." ಓದಿ ಕೈ ತಣ್ಣಗಾಯ್ತು. ನನ್ನ ಒಂದು ಫೋಟೋ ನೋಡಿ ಅವನು ಎಲ್ಲೋ ಒಂದು ಕಡೆ ಹಟ ಹಿಡಿದು ಇಳಿದಿದ್ರೆ?

ಅವನಿಗೆ ಆಗಲೇ ಹೇಳಿದ್ದೀನಿ, ಈಗ ನಿಮಗೂ: ಬಿಡಲಿಲ್ಲ ಕಣ್ರೋ. ಬಿಡದೇ ಇದ್ದದ್ದೇ ಸರಿ. ಆಳಕ್ಕೆ ಹೋಗೋ ಆಸೆ ಇದ್ರೆ ಅಡ್ವಾನ್ಸ್ಡ್ ಮಾಡಿ, ಆಮೇಲೆ ಡೀಪ್ ಕೋರ್ಸ್. ರೂಬಿ 1958ರಿಂದ ಅಲ್ಲೇ ಕೂತಿದೆ, ಎಲ್ಲೂ ಓಡಿ ಹೋಗಲ್ಲ.

ಹಳೇ ಫೋಟೋ ಡಿಲೀಟ್ ಮಾಡಿಲ್ಲ. ಅದರ ಕೆಳಗೆ "ನಾನು ಇಳಿದಿಲ್ಲ" ಅಂತ ಸೇರಿಸಿದ್ದೀನಿ. ಲೈಕ್ ವಾಪಸ್ ತಗೋಬೇಕು ಅನ್ಸಿದ್ರೆ ತಗೊಳ್ಳಿ, ಬೇಜಾರಿಲ್ಲ.

ಮುಂದಿನ ಭಾಗದಲ್ಲಿ ನಾನು ನಿಜವಾಗ್ಲೂ ಇಳಿದ 12 ಮೀಟರ್. ಅದರಲ್ಲಿ ಹಡಗಿಲ್ಲ, ಒಂದು ಆಕ್ಟೋಪಸ್ ಇದೆ.