ತಂಗಳು ಯಾರ ತಟ್ಟೆಗೆ?

ಸಂಜೆ ಏಳಕ್ಕೆ "ರಾತ್ರಿಗೆ ಏನು ಮಾಡೋದು?" ಎಂಬ ಮಾತು ಹುಟ್ಟುವ ಮನೆಯಲ್ಲಿ ದುಡ್ಡು ನಿಲ್ಲುವುದು ಕಷ್ಟ. ಫ್ರಿಜ್ಜಿನಲ್ಲಿ ಅರ್ಧ ಕೋಸು ಇರುತ್ತದೆ, ನಿನ್ನೆಯ ಹುರುಳಿಕಾಯಿ ಪಲ್ಯ ಒಂದು ಬಟ್ಟಲು ಇರುತ್ತದೆ, ದೋಸೆಹಿಟ್ಟು ಹುಳಿಬಂದು ಕೂತಿರುತ್ತದೆ. ಆದರೂ ಹಸಿವು ಮುಂದಾಗಿ ಯೋಚನೆ ಹಿಂದೆ ಬಿದ್ದಿರುವುದರಿಂದ ಕೈ ಫೋನಿಗೆ ಹೋಗುತ್ತದೆ. ಹತ್ತು ನಿಮಿಷಕ್ಕೆ ಪನೀರು ಬಾಗಿಲಿಗೆ ಬರುತ್ತದೆ, ಮೂರು ದಿನ ಕಳೆದು ಕೋಸು ಕಸದ ಬುಟ್ಟಿಗೆ ಬೀಳುತ್ತದೆ. ಎರಡಕ್ಕೂ ದುಡ್ಡು ಕೊಟ್ಟವರು ನಾವೇ.

ಉಳಿತಾಯವೆಂದರೆ ಸಾರನ್ನು ನೀರು ಮಾಡುವುದು, ಪಲ್ಯವನ್ನು ಚಮಚದಲ್ಲಿ ಬಡಿಸುವುದು ಎಂದು ತಿಳಿದವರಿದ್ದಾರೆ. ನನಗೆ ಆ ದಾರಿ ಹಿಡಿಸುವುದಿಲ್ಲ. ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಬೇಳೆಕಾಳಿಗೆ ಕೈ ಬಿಗಿ ಹಿಡಿಯಬಾರದು. ಒಂದೇ ಒಲೆ ಉರಿಯಲ್ಲಿ ಎರಡು ಹೊತ್ತಿನ ಅಡುಗೆ ಕಾಣುವುದು ಬೇರೆಯೇ ವಿದ್ಯೆ. ಹಳೇ ಮೈಸೂರಿನ ಕಡೆಯ ಬಸ್ಸಾರು ನೋಡಿ. ಅಲಸಂದೆಯೋ ತೊಗರಿಬೇಳೆಯೋ ನೀರು ಧಾರಾಳವಾಗಿ ಹಾಕಿ ಬೇಯಿಸಬೇಕು, ಕಾಳು ಕರಗಬಾರದು, ಬೆರಳಲ್ಲಿ ಹಿಸುಕಿದರೆ ಮೆತ್ತಗಾದರೆ ಸಾಕು. ಆಗ ದಂಟಿನ ಸೊಪ್ಪೋ ಸಬ್ಬಸಿಗೆಯೋ ಹಾಕಿ, ಉಪ್ಪು ಸೇರಿಸಿ, ಇನ್ನೊಂದು ಕುದಿ. ಕಟ್ಟನ್ನು ಬಸಿದುಕೊಂಡರೆ ಉಳಿದ ಸೊಪ್ಪು-ಕಾಳಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ, ಮೇಲೆ ಕಾಯಿತುರಿ ಉದುರಿಸಿದರೆ ಪಲ್ಯವಾಯಿತು. ಅದರಲ್ಲೇ ಒಂದು ಹಿಡಿ ಮೊದಲೇ ತೆಗೆದಿಟ್ಟು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಸಾರಿನ ಪುಡಿ, ಕಾಯಿಯ ಜೊತೆ ರುಬ್ಬಿ ಕಟ್ಟಿಗೆ ಕದಡಿ ಕುದಿಸಿದರೆ ಸಾರು. ಕಾಳಿನ ಸತ್ವ, ಸೊಪ್ಪಿನ ಬಣ್ಣ, ಬೆಂದ ನೀರು, ಯಾವುದೂ ಮೋರಿಗೆ ಹೋಗಲಿಲ್ಲ. ರಾತ್ರಿ ಬಿಸಿ ಮುದ್ದೆಗೆ ಹಾಕಿಕೊಂಡ ಆ ಸಾರನ್ನೇ ಮರುದಿನ ಮತ್ತೆ ಕುದಿಸಿ ಉಂಡವರು ಅದಕ್ಕೇ ಹೆಚ್ಚು ಅಂಕ ಕೊಡುತ್ತಾರೆ. ನಾನೂ ಆ ಗುಂಪಿನವಳೇ.

ತರಕಾರಿಗೂ ಸರದಿ ಬೇಕು. ಸಂತೆಯಿಂದ ತಂದ ದಿನ, ಅದರ ಮರುದಿನ ಸೊಪ್ಪು. ಆಮೇಲೆ ಬದನೆ, ಬೆಂಡೆ, ಹೀರೆ. ವಾರದ ಕೊನೆಗೆ ಸಿಹಿಗುಂಬಳ, ಆಲೂಗಡ್ಡೆ, ಡಬ್ಬಿಯಲ್ಲಿರುವ ಹುರುಳಿಕಾಳು. ಹೀರೆಯ ಸಿಪ್ಪೆ ಚಟ್ನಿಗೆ, ಹುಳಿ ಮೊಸರು ಮಜ್ಜಿಗೆಹುಳಿಗೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಹುಣಸೆ, ನಿಂಬೆ, ಮಜ್ಜಿಗೆಗಳಲ್ಲಿ ಹುಳಿಯ ದಾರಿ ಗೊತ್ತಿದ್ದ ಮನೆಗಳು ಅಷ್ಟೇನೂ ತತ್ತರಿಸಲಿಲ್ಲ.

ಉಳಿದದ್ದನ್ನು ಬರೀ ಬಿಸಿ ಮಾಡಿ ಮತ್ತೆ ಬಡಿಸಿದರೆ ಮಕ್ಕಳು ಮುಖ ತಿರುಗಿಸುತ್ತಾರೆ, ಅದು ನ್ಯಾಯವೇ. ಅದಕ್ಕೆ ಹೊಸ ರೂಪ ಕೊಡಬೇಕು. ಕೊಡಗಿನ ‘ಅಕ್ಕಿ ಒಟ್ಟಿ’ ಎಂಬ ರೊಟ್ಟಿಗೆ ಅಕ್ಕಿಹಿಟ್ಟಿನ ಜೊತೆ ಅನ್ನವನ್ನೇ ನಾದುತ್ತಾರೆ, ಅದರ ಮೆದುವಿಗೆ ಅನ್ನವೇ ಕಾರಣ. ಕರಾವಳಿಯಲ್ಲಿ ಕಲ್ಲಂಗಡಿಯ ಕೆಂಪು ತಿರುಳು ತಿಂದ ಮೇಲೆ ಉಳಿಯುವ ಬಿಳಿ ಭಾಗವನ್ನು ಅಕ್ಕಿಯೊಂದಿಗೆ ರುಬ್ಬಿ ದೋಸೆ ಹೊಯ್ಯುತ್ತಾರೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿ ಒಣಗಿ ಕಡಕ್ ಆದರೆ ವಾರಗಟ್ಟಲೆ ಬುಟ್ಟಿಯಲ್ಲಿ ಇರುತ್ತದೆ. ಇಡ್ಲಿಗೆಂದು ರುಬ್ಬಿದ ಹಿಟ್ಟು ಮೂರನೆಯ ದಿನ ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿಕೊಂಡು ಪಡ್ಡಾಗುತ್ತದೆ. ಚಿತ್ರಾನ್ನಕ್ಕಂತೂ ಆರಿದ ಅನ್ನವೇ ಆಗಬೇಕು. ತಣ್ಣಗಾದಾಗ ಅಕ್ಕಿಯ ಪಿಷ್ಟ ಗಟ್ಟಿಯಾಗಿ ಅಗುಳು ಬಿಡಿಬಿಡಿಯಾಗುತ್ತದೆ, ಬಿಸಿ ಅನ್ನ ಒಗ್ಗರಣೆಯಲ್ಲಿ ಮುದ್ದೆಗಟ್ಟುತ್ತದೆ.

ಆದರೆ ಅನ್ನದ ವಿಷಯದಲ್ಲಿ ಸಲಿಗೆ ಬೇಡ. ಅಕ್ಕಿಯಲ್ಲಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗೆ ಬೆಚ್ಚಗೆ ಕೂತರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಹಳಸಿದ ವಾಸನೆ ಬಂದದ್ದನ್ನು ಒಗ್ಗರಣೆಯಲ್ಲಿ ಮುಚ್ಚಿಡುವುದು ಆಸ್ಪತ್ರೆಗೆ ಮುಂಗಡ ಕೊಟ್ಟಂತೆ.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ಹೆಚ್ಚು ಮುಖ್ಯವಾದದ್ದೊಂದಿದೆ. ಎಷ್ಟೋ ಮನೆಗಳಲ್ಲಿ ತಂಗಳಿಗೆ ಯೋಜನೆಯೇ ಇಲ್ಲದಿದ್ದರೂ ಅದು ವ್ಯರ್ಥವಾಗುವುದಿಲ್ಲ, ಏಕೆಂದರೆ ಅದನ್ನು ಅಮ್ಮ ತಿನ್ನುತ್ತಾಳೆ. ಗಂಡನಿಗೆ, ಮಕ್ಕಳಿಗೆ ಬಿಸಿ ದೋಸೆ ಹೊಯ್ದುಕೊಟ್ಟು, ತಾನು ರಾತ್ರಿಯ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಒಲೆಯ ಪಕ್ಕ ನಿಂತೇ ಉಣ್ಣುತ್ತಾಳೆ. "ನೀನೂ ಬಿಸಿಯದ್ದೇ ತಿನ್ನಮ್ಮ" ಎಂದರೆ "ಅಯ್ಯೋ, ಚೆಲ್ಲೋಕಾಗುತ್ತಾ?" ಎನ್ನುತ್ತಾಳೆ. ಇದನ್ನು ಮನೆಯ ಉಳಿತಾಯ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಒಬ್ಬಳ ಹೊಟ್ಟೆಯನ್ನು ಉಗ್ರಾಣ ಮಾಡಿಕೊಂಡು ಉಳಿಸಿದ ದುಡ್ಡು ಅದು.

ಹಾಗಾಗಿ ನಾಳೆಯ ಪಾಲನ್ನು ಇವತ್ತು ಎಲೆಗೆ ಬಡಿಸುವ ಮೊದಲೇ ತೆಗೆದಿಡಬೇಕು ಎನ್ನುತ್ತೇನೆ. ಉಂಡು ಮಿಕ್ಕದ್ದು ಎನಿಸಿಕೊಳ್ಳದೆ ಅದು ನಾಳೆ ಎಲ್ಲರ ಊಟವಾಗುತ್ತದೆ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ ಅದೂ ಒಂದು ಸಾಲಾಗಲಿ: "ಬಸ್ಸಾರು, ಮೂರು ಸೌಟು. ಮೇಲಿನ ಅರೆ. ನಾಳೆ ಮುಗಿಸುವುದು." ಕಾಲೇಜಿನಿಂದ ಮೊದಲು ಮನೆಗೆ ಬಂದ ಮಗನೂ ಅದನ್ನು ಓದಿ, ಸಾರು ಬಿಸಿಗಿಟ್ಟು, ಮುದ್ದೆಗೆ ಎಸರಿಡಬಹುದು.