ಕಾಲೆತ್ತಿದಾಗಿನ ಉಸಿರು

ಕಾರು ಓಡಿಸುವುದಕ್ಕಿಂತ, ನಿಂತ ಕಾರಿನ ಇಂಜಿನ್ ಕೇಳುವುದೇ ನನಗೆ ಹೆಚ್ಚು ಇಷ್ಟ. ವಿಜಯಪುರದ ಗಾಂಧಿ ಚೌಕಿನಲ್ಲಿ ನಿಂತಾಗ ಹಳೆಯ ಆಲ್ಟೊದ 796 ಸಿಸಿ ಇಂಜಿನ್, ಮೂರೇ ಸಿಲಿಂಡರಿನದಾದರೂ, ಒಂದೇ ಲಯ ಹಿಡಿದು ಗುನುಗುತ್ತಿದ್ದರೆ ಮುಂದಿನ ಟಂಟಂ ಜಾಗ ಬಿಡದಿದ್ದರೂ ಸಿಟ್ಟು ಬರುವುದಿಲ್ಲ. ಆ ಲಯ ಏರಿಳಿದು, ಎಸಿ ಹಾಕಿದೊಡನೆ ಗಾಡಿ ನಡುಗಿ ಬಂದ್ ಬಿತ್ತೆಂದರೆ ಭಾನುವಾರದ ಕೆಲಸ ನಿಕ್ಕಿ.

ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಥ್ರಾಟಲ್ ತಟ್ಟೆ ಮುಚ್ಚಿಕೊಳ್ಳುತ್ತದೆ. ಇಂಜಿನ್ನಿಗೆ ಗಾಳಿ ಬೇಕಲ್ಲ? ಪಕ್ಕದಲ್ಲೊಂದು ಕಳ್ಳದಾರಿ. ಅದರ ಬಾಯಲ್ಲಿ ಚೂಪು ಮೂತಿಯ ಐಡಲ್ ವಾಲ್ವ್. ಅದನ್ನು ಹಿಂದೆ ಮುಂದೆ ಸರಿಸುವುದು ಪುಟ್ಟ ಸ್ಟೆಪರ್ ಮೋಟರು. ಎಷ್ಟು ಸರಿಯಬೇಕೆಂದು ಗಾಡಿಯ ಕಂಪ್ಯೂಟರ್ ಹೇಳುತ್ತದೆ. ಎಸಿ ಹಾಕಿದಾಗ ತುಸು ಹೆಚ್ಚು ಗಾಳಿ ಬಿಡುವುದೂ ಅದೇ.

“ಬಬಲೇಶ್ವರ ರಸ್ತಾದ ಧೂಳೆಲ್ಲಾ ಒಳಗ ಹೊಕ್ಕದೋ ತಮ್ಮಾ” ಎನ್ನುತ್ತಾರೆ ತಿಕೋಟಾದ ದೊಡ್ಡಪ್ಪ. ದ್ರಾಕ್ಷಿ ಬೆಳೆಗಾರರು, ಗಿಡಕ್ಕೆ ಬಂದ ರೋಗವೆಲ್ಲ ಹೊರಗಿನದೇ ಎಂಬ ನಂಬಿಕೆ. ಧೂಳಿನ ಬಹುಪಾಲನ್ನು ಏರ್ ಫಿಲ್ಟರ್ ತಡೆಯುತ್ತದೆ. ವಾಲ್ವಿಗೆ ಮೆತ್ತುವ ಕರಿ ಜಿಡ್ಡು ಇಂಜಿನ್ನಿನ ಹೊಟ್ಟೆಯದೇ: ಪಿಸ್ಟನ್ ಸಂದಿಯಿಂದ ಕೆಳಗಿಳಿದ ಹೊಗೆ, ಆಯಿಲ್ ಆವಿಯೊಡನೆ ಮತ್ತೆ ಗಾಳಿದಾರಿಗೇ ಬರುತ್ತದೆ.

ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಆಮೇಲೆ ವಾಲ್ವ್. ಕ್ಲೀನರನ್ನು ಬಟ್ಟೆಗೆ ಹೊಡೆದುಕೊಂಡು ಮೂತಿ ಒರೆಸುತ್ತೇನೆ. ಮೋಟರಿನೊಳಗೆ ಹನಿ ಇಳಿಯಬಾರದು, ಮೂತಿಯನ್ನು ಬೆರಳಿನಿಂದ ಒತ್ತಬಾರದು. ರಂಧ್ರಕ್ಕೆ ಹಳೆಯ ಹಲ್ಲುಜ್ಜುವ ಬ್ರಶ್. ಕಾಡಿಗೆಯಂಥ ಕಪ್ಪು ಕರಗಿ, ಅಡಿಯಿಂದ ಅಲ್ಯೂಮಿನಿಯಂ ಹೊಳಪು ಮೇಲೇಳುವ ಆ ಗಳಿಗೆಗಾಗಿಯೇ ಇಷ್ಟೆಲ್ಲ. ಹೊಸ ವಾಲ್ವ್ ಹಾಕಿಸಿಬಿಡಿ ಎನ್ನುವವರಿಗೆ ಈ ಸುಖ ತಿಳಿಯದು.

ಜೋಡಿಸಿ ಚಾಲೂ ಮಾಡಿದರೆ ಮೊದಲು ಸ್ವಲ್ಪ ಹೊತ್ತು ತಡವರಿಸುತ್ತದೆ. ಕಂಪ್ಯೂಟರ್ ಹೊಸದಾಗಿ ಅಂದಾಜು ಹಿಡಿಯಬೇಕು. ನನ್ನ ಗಾಡಿಯಲ್ಲಿ ಆರ್‌ಪಿಎಂ ಮುಳ್ಳಿಲ್ಲ, ಕಿವಿಯೇ ಮೀಟರು. ಗೋಳಗುಮ್ಮಟದ ಊರಿನವರಿಗೆ ಅಷ್ಟು ಕಿವಿ ಇರಲೇಬೇಕು! ನಿಮಿಷಕ್ಕೆ 800–900 ಸುತ್ತಿನ ಆಸುಪಾಸು ಲಯ ನೆಲೆಗೊಂಡಾಗ ಬಾನೆಟ್ ಮುಚ್ಚಲು ಮನಸ್ಸಾಗುವುದಿಲ್ಲ.

ನೀವೂ ಬಿಚ್ಚುವುದಾದರೆ ವಾಲ್ವಿನ ರಬ್ಬರ್ ರಿಂಗ್ ಮೊದಲು ತೆಗೆದು ಜೇಬಿಗೆ ಹಾಕಿಕೊಳ್ಳಿ. ಕ್ಲೀನರ್ ತಾಗಿದರೆ ಅದು ಉಬ್ಬಬಹುದು, ಅಂಗಳದಲ್ಲಿ ಬಿದ್ದರೆ ನಮ್ಮ ಎರೆಮಣ್ಣಿನ ಬಣ್ಣವೇ ಅದಕ್ಕೂ.