ವ್ಯಾಕ್ಯೂಮ್ ಅಡ್ವಾನ್ಸ್ ಮತ್ತು ಬದಲಿ ಕಾರ್ಬುರೇಟರ್

1978ರಲ್ಲಿ ಬಂದ ಯಮಹಾ ಎಕ್ಸ್‌ಎಸ್ 1100 ಬೈಕಿನಲ್ಲಿ ಕಿಡಿಯನ್ನು ಬೇಗ ಹಾರಿಸಲು (ಇದೇ ಅಡ್ವಾನ್ಸ್) ಎರಡು ವ್ಯವಸ್ಥೆಗಳಿವೆ: ಆರ್‌ಪಿಎಂ ಏರಿದಂತೆ ಹೊರಗೆ ಸರಿಯುವ ತೂಕಗಳು, ಕಾರ್ಬುರೇಟರ್ ಕಡೆಯ ನಿರ್ವಾತ (ವ್ಯಾಕ್ಯೂಮ್) ಎಳೆಯುವ ಡಯಾಫ್ರಮ್. ಥ್ರಾಟಲ್ ಸ್ವಲ್ಪವೇ ತೆರೆದಾಗ ಸಿಲಿಂಡರಿಗೆ ಸೇರುವ ಮಿಶ್ರಣ ವಿರಳ. ಅದು ನಿಧಾನವಾಗಿ ಉರಿಯುವುದರಿಂದ ಕಿಡಿ ಮೊದಲೇ ಬೇಕು. ಥ್ರಾಟಲ್ ಪೂರ್ತಿ ತಿರುವಿದರೆ ನಿರ್ವಾತ ಕುಸಿದು ಡಯಾಫ್ರಮ್ ಸುಮ್ಮನಾಗುತ್ತದೆ.

ರೇಸಿಂಗ್‌ಗೆಂದು ಮಾಡಿದ ಸ್ಲೈಡ್ ಕಾರ್ಬುರೇಟರ್ ಹಾಕಿದಾಗಲೇ ತೊಡಕು. ಬಹಳಷ್ಟರಲ್ಲಿ ಡಯಾಫ್ರಮ್‌ಗೆ ನಿರ್ವಾತ ಒಯ್ಯುವ ಪೈಪನ್ನು ಸಿಕ್ಕಿಸಲು ಜಾಗವೇ ಇರುವುದಿಲ್ಲ. ಮ್ಯಾನಿಫೋಲ್ಡಿಗೆ ಸಿಕ್ಕಿಸಿದರೆ ಐಡ್ಲಿಂಗ್‌ನಲ್ಲೇ ಅಡ್ವಾನ್ಸ್ ಸಿಕ್ಕಿ ಆರ್‌ಪಿಎಂ ಏರುತ್ತದೆ. ಒಂದೇ ಸಿಲಿಂಡರಿನ ನಿರ್ವಾತ ಮಿಡಿಯುವುದರಿಂದ ಟೈಮಿಂಗ್ ನಡುಗುವುದೂ ಉಂಟು. ಪೈಪಿನೊಳಗೆ ಸಣ್ಣ ತೂತಿನ ಜೆಟ್ ಕೂರಿಸಿದರೆ ನಡುಕ ತಗ್ಗುತ್ತದೆ.

ಮೊದಲು ಪೈಪ್ ಕಳಚಿ, ಎಂಜಿನ್ ಕಡೆಯ ಬಾಯಿ ಮುಚ್ಚಿ (ತೆರೆದಿಟ್ಟರೆ ಗಾಳಿ ನುಗ್ಗಿ ಮಿಶ್ರಣ ಕೆಡುತ್ತದೆ), ಟೈಮಿಂಗ್ ಲೈಟ್ ಹಿಡಿದು ಮೂಲ ಟೈಮಿಂಗ್ ಹೊಂದಿಸಬೇಕು. ಆಮೇಲೆ ಪೈಪ್ ಜೋಡಿಸಿ ರಸ್ತೆಗೆ. ಸಮವೇಗದಲ್ಲಿ ಹೋಗುವಾಗ ಆಕ್ಸಿಲರೇಟರ್ ತುಸು ತಿರುವಿದೊಡನೆ ಎಂಜಿನ್ ಟಕಟಕ ಬಡಿದರೆ ಅಡ್ವಾನ್ಸ್ ಹೆಚ್ಚಾಗಿದೆ ಎಂದರ್ಥ.

ಟ್ರ್ಯಾಕಿನಲ್ಲಿ ಮಾತ್ರ ಓಡಿಸುವವರಿಗೆ ಈ ಡಯಾಫ್ರಮ್ ಇಲ್ಲದಿದ್ದರೂ ನಡೆಯುತ್ತದೆ. ಅದನ್ನು ಕಿತ್ತೆಸೆದವರಿಗೆ ಹೆದ್ದಾರಿಯಲ್ಲಿ ಮೈಲೇಜ್ ಇಳಿಯುತ್ತದೆ.